ಕೋಕೋ ಟೇಲರ್ ‘ದಿ ಅರ್ಥ್‌ಶೇಕರ್’ (1978): ಈ ದನಿಯ ಬಲ ಇರೋದು ಎಲ್ಲಿ?

ನಾದಲೋಲ:
ಶಿಕಾಗೋ ಬ್ಲೂಸ್ (ಅಮೆರಿಕದ ಕಪ್ಪು ಜನರ ಬ್ಲೂಸ್ ಸಂಗೀತ ಶಿಕಾಗೋ ನಗರದಲ್ಲಿ ಪಡೆದ ರೂಪ) ಎಲ್ಲಿಂದ ಕೇಳೋಕೆ ಶುರು ಮಾಡಬೇಕು ಅಂತ ಯಾರಾದರೂ ಕೇಳಿದರೆ ಮಡ್ಡಿ ವಾಟರ್ಸ್, ಹೌಲಿನ್ ವುಲ್ಫ್, ಬಡ್ಡಿ ಗೈ ಅಂತ ಗಂಡಸರ ಹೆಸರೇ ಸಾಲಾಗಿ ಬರುತ್ತೆ. ಮೊದಲು ಕೈಗೆ ಕೊಡಬೇಕಾದ ಆಲ್ಬಂ ಕೋಕೋ ಟೇಲರ್ ಅವರ ‘ದಿ ಅರ್ಥ್‌ಶೇಕರ್’ ಅಂತ ನನ್ನ ವಾದ. 1978ರದ್ದು, ಅಲಿಗೇಟರ್ ರೆಕಾರ್ಡ್ಸ್, ಒಟ್ಟು ಒಂಬತ್ತು ಹಾಡು.

ಹೆಸರು ಹೊಸದು ಅನ್ನುವವರಿಗೆ: 1928ರಲ್ಲಿ ಟೆನೆಸ್ಸಿಯ ಮೆಂಫಿಸ್ ಹತ್ತಿರ, ಪಾಲಿಗೆ ಹೊಲ ಮಾಡುತ್ತಿದ್ದ ಮನೆಯಲ್ಲಿ ಹುಟ್ಟಿದವರು. ಹುಟ್ಟುಹೆಸರು ಕೋರಾ ವಾಲ್ಟನ್. 1952ರಲ್ಲಿ ಶಿಕಾಗೋಗೆ ಬಂದರು. ಹಗಲು ಸಿರಿವಂತರ ಮನೆಗೆಲಸ, ರಾತ್ರಿ ಕ್ಲಬ್ಬಿನಲ್ಲಿ ಹಾಡು. ಅವರನ್ನು ಚೆಸ್ ಅನ್ನುವ ರೆಕಾರ್ಡ್ ಕಂಪನಿಗೆ ಕರೆದೊಯ್ದವರು ಹಾಡು ಬರೆಯುತ್ತಿದ್ದ ವಿಲ್ಲಿ ಡಿಕ್ಸನ್, 1966ರಲ್ಲಿ ‘ವ್ಯಾಂಗ್ ಡ್ಯಾಂಗ್ ಡೂಡಲ್’ ಆರ್ ಅಂಡ್ ಬಿ (ರಿದಮ್ ಅಂಡ್ ಬ್ಲೂಸ್) ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 4ನೇ ಸ್ಥಾನಕ್ಕೆ ಹೋಯಿತು. ಕೋಕೋ 2009ರ ಜೂನ್‌ನಲ್ಲಿ ತೀರಿಕೊಂಡರು. ಅದಕ್ಕೆ ಒಂದು ತಿಂಗಳ ಮುಂಚೆ ಕೂಡ ವೇದಿಕೆ ಮೇಲೆ ಹಾಡಿದ್ದರು.

ಗಂಟಲು ಜೋರು ಅನ್ನೋದು ಎಲ್ಲರೂ ಹೇಳುವ ಮಾತು. ಬರೀ ಜೋರಾಗಿದ್ದಿದ್ದರೆ ಮೂರನೇ ಹಾಡಿಗೇ ಕಿವಿ ಸೋತುಹೋಗಬೇಕಿತ್ತು. ಸೋಲಲ್ಲ. ಹಾಡುವವರು, ನುಡಿಸುವವರು, ಸೌಂಡ್ ಮಾಡುವವರು ಎಲ್ಲರೂ ಇಲ್ಲಿದ್ದೀರಿ. ಯಾಕೆ ಅಂತ ಬಿಡಿಸಿ ಹೇಳಿ.

ಹನ್ನೆರಡು_ಬಾರ್:
ಬಲ ಇರೋದು ಅವರು ಹಾಡದೆ ಬಿಟ್ಟ ಜಾಗದಲ್ಲಿ. ಲೆಕ್ಕ ಹಾಕಿ ನೋಡಿ. ಮಾಮೂಲು ಬ್ಲೂಸ್ ಪದ್ಯ ಅಂದರೆ 12 ಬಾರ್, ಬಾರಿಗೆ 4 ಪೆಟ್ಟು, ಒಟ್ಟು 48 ಪೆಟ್ಟು. ಅದರಲ್ಲಿ ಮೂರು ಸಾಲು: ಮೊದಲನೇ ಸಾಲು, ಅದೇ ಸಾಲು ಇನ್ನೊಮ್ಮೆ, ಆಮೇಲೆ ಉತ್ತರ ಕೊಡುವ ಮೂರನೇ ಸಾಲು. ಸಾಲಿಗೆ 4 ಬಾರ್ ಸಿಕ್ಕರೂ ದನಿ ಸುಮಾರು ಎರಡರಲ್ಲೇ ಮುಗಿಯುತ್ತೆ, ಉಳಿದೆರಡು ಗಿಟಾರಿಗೋ ಸ್ಯಾಕ್ಸಿಗೋ. ಅಂದರೆ ಪದ್ಯದ ಅರ್ಧದಷ್ಟು ಹೊತ್ತು ಹಾಡುವವರು ಸುಮ್ಮನಿರುತ್ತಾರೆ. ನಿಮಿಷಕ್ಕೆ 120 ಪೆಟ್ಟಿನ ವೇಗದಲ್ಲಿ ಪೂರ್ತಿ ಪದ್ಯ 24 ಸೆಕೆಂಡ್. 60ರ ನಿಧಾನ ಬ್ಲೂಸಿನಲ್ಲಿ 48 ಸೆಕೆಂಡ್.

ಸ್ವರದ ಲೆಕ್ಕದಲ್ಲಿ: 1ರಿಂದ 4ನೇ ಬಾರ್ ಷಡ್ಜದ ಮೇಲಿನ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು), 5–6 ಮಧ್ಯಮದ ಮೇಲೆ, 7–8 ಮತ್ತೆ ಷಡ್ಜ, 9 ಪಂಚಮ, 10 ಮಧ್ಯಮ, 11–12 ಷಡ್ಜ. 12ನೇ ಬಾರಿನ ಕೊನೆಯಲ್ಲಿ ಪಂಚಮ ಮುಟ್ಟಿ ಮುಂದಿನ ಪದ್ಯಕ್ಕೆ ತಿರುಗೋದು ರೂಢಿ. ಇದು ಕಿವಿಗೆ ಕೂತರೆ ‘ಎಲ್ಲ ಒಂದೇ ಟ್ಯೂನ್’ ಅನ್ನುವ ದೂರು ತಾನಾಗಿ ಹೋಗುತ್ತೆ. ನಮ್ಮಲ್ಲಿ ಆದಿತಾಳದ ಆವರ್ತ ಒಂದೇ ತರಹ ಬಂತು ಅಂತ ಯಾರೂ ದೂರಲ್ಲ ಅಲ್ಲವಾ.

ಇನ್ನು ಶಫಲ್ ಅನ್ನುವ ಲಯದ ನಡೆ. ತಿಸ್ರದ ತ-ಕಿ-ಟದಲ್ಲಿ ನಡುವಿನ ‘ಕಿ’ ಬಿಟ್ಟು ತ—ಟ, ತ—ಟ ಅಂತ ಹೇಳಿಕೊಂಡರೆ ಅದೇ ಶಫಲ್. ಕೋಕೋ ಎಷ್ಟೋ ಕಡೆ ಮಾತನ್ನು ಪೆಟ್ಟಿನ ಮೇಲೆ ಇಡದೆ ಒಂದೆಳೆ ಹಿಂದೆ ಇಡುತ್ತಾರೆ. ಬ್ಯಾಂಡ್ ಮುಂದೆ ನಡೀತಿರುತ್ತೆ, ದನಿ ಹಿಂದಕ್ಕೆ ಜಗ್ಗುತ್ತಿರುತ್ತೆ. ಆ ಜಗ್ಗಾಟ ಕೇಳುವವರ ಮೈಗೆ ‘ಭಾರ’ ಅಂತ ತಾಕುತ್ತೆ, ಜನ ಅದನ್ನೇ ವಾಲ್ಯೂಮ್ ಅಂದುಕೊಳ್ಳುತ್ತಾರೆ.

ಮಂದ್ರ:
ಹನ್ನೆರಡು_ಬಾರ್ ಹೇಳಿದ್ದು ಶಫಲ್ ಹಾಡುಗಳಿಗೆ ಸರಿ. ಆದರೆ ಈ ಆಲ್ಬಮ್ಮಿನ ಮುಖ್ಯ ಹಾಡುಗಳಿಗೆ 12 ಬಾರ್ ಅಳತೆ ಹಿಡಿಯಬೇಡಿ. ‘ಸ್ಪೂನ್‌ಫುಲ್’, ‘ಐ ಆ್ಯಮ್ ಅ ವುಮನ್’, ‘ವ್ಯಾಂಗ್ ಡ್ಯಾಂಗ್ ಡೂಡಲ್’ ಮೂರೂ ಒಂದೇ ಕಾರ್ಡ್ ಸುತ್ತ ಕಟ್ಟಿದ ಹಾಡುಗಳು. ಕಾರ್ಡ್ ಬದಲಾಗಲ್ಲ, ರಿಫ್ (ಮತ್ತೆ ಮತ್ತೆ ಬರುವ ಪುಟ್ಟ ಸ್ವರದ ತುಣುಕು) ಬದಲಾಗಲ್ಲ, ಹಾಗಾಗಿ ಹಾಡನ್ನು ಮುಂದಕ್ಕೆ ಒಯ್ಯುವ ಹೊಣೆ ಪೂರ್ತಿ ದನಿ ಮೇಲೆ ಬೀಳುತ್ತೆ. ಎಡವಿದರೆ ಹಿಡಿಯೋಕೆ ಏನೂ ಇಲ್ಲ.

‘ಐ ಆ್ಯಮ್ ಅ ವುಮನ್’ ಬೋ ಡಿಡ್ಲಿಯ 1955ರ ‘ಐ ಆ್ಯಮ್ ಅ ಮ್ಯಾನ್’ಗೆ ಕೋಕೋ ಕೊಟ್ಟ ಉತ್ತರ. ಅದೇ ವರ್ಷ ಮಡ್ಡಿ ವಾಟರ್ಸ್ ‘ಮ್ಯಾನಿಶ್ ಬಾಯ್’ ಮಾಡಿದ್ದೂ ಇದೇ ಅಚ್ಚಿನಲ್ಲಿ. ಸ, ಮ, ಸಾಧಾರಣ ಗಾಂಧಾರ, ಈ ಮೂರೇ ಸ್ವರದ ಪುಟ್ಟ ರಿಫ್. ಬ್ಯಾಂಡ್ ಅದನ್ನು ಬಾರಿಸಿ ನಿಲ್ಲುತ್ತೆ, ಆ ಖಾಲಿ ಜಾಗದಲ್ಲಿ ಒಬ್ಬಳೇ ಹೆಂಗಸು ನಿಂತು ಮಾತಾಡುತ್ತಾಳೆ, ಮತ್ತೆ ರಿಫ್. ಇದಕ್ಕೆ ಸ್ಟಾಪ್‌ಟೈಮ್ ಅಂತಾರೆ. ಗಂಡಸರು ಎರಡು ದಶಕ ತಮ್ಮ ಗಂಡಸ್ತನ ಸಾರಿಕೊಂಡು ಬಂದ ಅದೇ ಅಂಗಳದಲ್ಲಿ, ಅದೇ ರಿಫ್ ಮೇಲೆ, ಹೆಣ್ಣಿನ ತಾಕತ್ತನ್ನು ಅಷ್ಟೇ ದೊಡ್ಡ ಮಾತಿನಲ್ಲಿ ಸಾರೋದು. ರಿಫ್ ಬದಲಿಸಿದ್ದರೆ ಆ ಉತ್ತರಕ್ಕೆ ಇಷ್ಟು ಮೊನೆ ಇರುತ್ತಿರಲಿಲ್ಲ.

ನಾದಲೋಲ:
ಮಂದ್ರ ಅವರೇ, ‘ವ್ಯಾಂಗ್ ಡ್ಯಾಂಗ್ ಡೂಡಲ್’ ಇಲ್ಲಿ ಎರಡನೇ ಸಲ ರೆಕಾರ್ಡ್ ಆಗಿದ್ದು. ಚೆಸ್ ಆವೃತ್ತಿ ಇದ್ದಾಗ ಇದು ಬೇಕಿತ್ತಾ?

ಮಂದ್ರ:
ಬೇಕಿತ್ತು. ಮೊದಲಿಗೆ 1960ರಲ್ಲಿ ಹೌಲಿನ್ ವುಲ್ಫ್ ಹಾಡಿದ್ದರು, ಬರೆದವರು ವಿಲ್ಲಿ ಡಿಕ್ಸನ್. ರಾತ್ರಿಯಿಡೀ ನಡೆಯುವ ಪಾರ್ಟಿಗೆ ಊರಿನ ಪುಂಡರನ್ನೆಲ್ಲ ಅಡ್ಡಹೆಸರು ಹಿಡಿದು ಕರೆಯುವ ಹಾಡು. ಕೋಕೋ ಚೆಸ್‌ನಲ್ಲಿ ಹಾಡಿದಾಗ ಗಿಟಾರ್ ಬಡ್ಡಿ ಗೈ ಅವರದ್ದು, ಡ್ರಮ್ಸ್ ಫ್ರೆಡ್ ಬಿಲೋ. ಅದರಲ್ಲಿ ಕೋಕೋ ಅತಿಥಿಗಳನ್ನು ಕರೆಯುತ್ತಾರೆ. 1978ರಲ್ಲಿ ಪಾರ್ಟಿಯ ಯಜಮಾನಿಯೇ ಅವರು.

ಈ ಹಾಡಿನ ಕಷ್ಟ ವ್ಯಂಜನಗಳಲ್ಲಿದೆ. ಸಾಲು ಸಾಲಾಗಿ ಹೆಸರುಗಳ ಪಟ್ಟಿ, ಎಳೆಯೋಕೆ ಸ್ವರ ಕಡಿಮೆ, ತಟ್ಟೋಕೆ ವ್ಯಂಜನ ಜಾಸ್ತಿ. ಕೋಕೋ ಪ್ರತಿ ಹೆಸರಿನ ಮೊದಲಕ್ಷರವನ್ನು ಡ್ರಮ್ಮಿನ ಪೆಟ್ಟಿನ ಹಾಗೆ ಬಳಸುತ್ತಾರೆ. ಗುರುಗುಟ್ಟುವ ದನಿ ಒತ್ತು ಬೀಳುವ ಅಕ್ಷರದಲ್ಲಿ ಮಾತ್ರ, ಉಳಿದದ್ದು ಹೆಚ್ಚುಕಡಿಮೆ ಮಾತಿನ ದನಿ. ಹಾಡನ್ನು ಕಲಿಯುವವರು ಪೂರ್ತಿ ಸಾಲನ್ನು ಗುರುಗುಟ್ಟಿ ಹಾಡುತ್ತಾರೆ, ಆಗ ಹೆಸರುಗಳೇ ಕೇಳಿಸಲ್ಲ.

ಕಂಠಶಾಲೆ:
ಆ ಗುರುಗುಟ್ಟುವಿಕೆ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಇಲ್ಲೇ ಗಂಟಲು ಹಾಳಾಗೋದು.

ನಮ್ಮ ನಿಜವಾದ ಧ್ವನಿತಂತುಗಳ ಮೇಲುಗಡೆ ಇನ್ನೊಂದು ಜೊತೆ ಮಡಿಕೆ ಇದೆ, ಅದನ್ನು ಸುಳ್ಳು ಧ್ವನಿತಂತು ಅಂತಾರೆ. ಗ್ರೌಲ್, ಅಂದರೆ ಈ ಗುರುಗುಟ್ಟುವಿಕೆ, ಮಾಡುವಾಗ ಕೆಳಗಿನ ತಂತುಗಳು ಸ್ವರ ಹಿಡಿದಿರುತ್ತವೆ, ಮೇಲಿನ ಭಾಗ ಅದರ ಜೊತೆ ಒರಟಾಗಿ ಅದುರುತ್ತೆ. ಸ್ವರ ಒಂದು ಕಡೆ, ಒರಟು ಇನ್ನೊಂದು ಕಡೆ. ಹೊಸಬರು ಮಾಡೋದು ಬೇರೆ: ಕೆಳಗಿನ ತಂತುಗಳನ್ನೇ ಹಿಸುಕಿ ಒರಟು ಹೊರಡಿಸುತ್ತಾರೆ. ಅದು ಗ್ರೌಲ್ ಅಲ್ಲ, ಗಾಯ. ಗುರುತು ಸುಲಭ. ಹಾಡಿ ಮುಗಿಸಿದ ತಕ್ಷಣ ಮೆಲ್ಲಗೆ, ಮೇಲಿನ ಸ್ಥಾಯಿಯಲ್ಲಿ ‘ಊ’ ಅನ್ನಿ. ಗಾಳಿ ಸೋರಿದರೆ ಅಥವಾ ದನಿ ಒಡೆದರೆ ನೀವು ಹಿಸುಕುತ್ತಿದ್ದೀರಿ.

ಅಭ್ಯಾಸದ ಕ್ರಮ ಹೀಗಿರಲಿ. ಮೊದಲು ಹತ್ತು ನಿಮಿಷ ತುಟಿ ಬುರ್ರ್ ಅನ್ನಿಸುವುದು, ಮುಚ್ಚಿದ ಬಾಯಲ್ಲಿ ‘ಮ್’ ಅನ್ನುವುದು, ಇಲ್ಲವೇ ಜ್ಯೂಸ್ ಕುಡಿಯುವ ಸ್ಟ್ರಾ ಒಳಗೆ ಸ್ವರ ಎಳೆಯುವುದು. ಆಮೇಲೆ ಸಾಲನ್ನು ಶುದ್ಧ ದನಿಯಲ್ಲಿ, ಶ್ರುತಿ ಸರಿಯಾಗುವ ತನಕ ಹಾಡಿ. ಅದಾದ ಮೇಲೆ ಸಾಲಿನಲ್ಲಿ ಒಂದೇ ಒಂದು ಅಕ್ಷರ ಆರಿಸಿಕೊಂಡು ಅಲ್ಲಿ ಮಾತ್ರ ಗ್ರೌಲ್. ಅದಕ್ಕೆ ಉಸಿರು ಹೆಚ್ಚು ಬೇಕು, ಆದ್ದರಿಂದ ಹಿಂದಿನ ವಿರಾಮದಲ್ಲೇ ತುಂಬಿಕೊಂಡಿರಬೇಕು. ದಿನಕ್ಕೆ 10–15 ನಿಮಿಷ ಸಾಕು. ತುರಿಕೆ, ಕೆಮ್ಮು ಬಂದರೆ ಅವತ್ತಿಗೆ ನಿಲ್ಲಿಸಿ. ದನಿ ಒರಟಾಗಿ ಎರಡು-ಮೂರು ವಾರವಾದರೂ ಸರಿಹೋಗದಿದ್ದರೆ ಕಷಾಯ ಕುಡಿದು ಕಾಯಬೇಡಿ, ಕಿವಿ-ಮೂಗು-ಗಂಟಲು ತಜ್ಞರ ಹತ್ತಿರ ತೋರಿಸಿ. ತಂತಿನ ಮೇಲೆ ಗಂಟು ಆಗಿದ್ದರೆ ಬೇಗ ಗೊತ್ತಾದಷ್ಟೂ ಒಳ್ಳೆಯದು.

ಧಾರವಾಡ_ಕಿವಿ:
ಕಂಠಶಾಲೆ ಮೇಡಮ್ಮರ, ಒಂದು ಮಾತ ಕೇಳ್ತೀನ್ರಿ. ನಮ್ಮ ಕಡೆ ಮಂದಿಗೆ ದೊಡ್ಡ ಹೆಣ್ಣದನಿ ಅಂದ್ರ ಗಂಗೂಬಾಯಿ ಹಾನಗಲ್ಲ ನೆನಪಾಗ್ತಾರ. ಕೋಕೋ ಟೇಲರ್ ಕೇಳಿದವ್ರೆಲ್ಲಾ ಅದೇ ಹೋಲಿಕಿ ಕೊಡ್ತಾರ. ಅದು ಸರಿ ಏನ್ರಿ?

ಕಂಠಶಾಲೆ:
ಅರ್ಧ ಸರಿ ರೀ. ಇಬ್ಬರದೂ ಹೆಣ್ಣುದನಿ ಹೀಗೇ ಇರಬೇಕು ಅನ್ನುವ ನಿರೀಕ್ಷೆಗೆ ತಗ್ಗದ ದನಿ. ಕೆಲಸ ಮಾತ್ರ ಪೂರಾ ಬೇರೆ. ಗಂಗೂಬಾಯಿ ಅವರದು ಕಿರಾಣಾ ಘರಾಣೆ. ಒಂದು ಸ್ವರದ ಮೇಲೆ ನಿಂತು, ‘ಆ’ಕಾರದಲ್ಲಿ, ಅದನ್ನು ನಿಧಾನಕ್ಕೆ ಬೆಳೆಸುತ್ತಾ ಹೋಗೋದು. ಕೋಕೋ ಸ್ವರದ ಮೇಲೆ ನಿಲ್ಲುವುದೇ ಅಪರೂಪ. ಮಾತು ಒಗೆದು ಬಿಟ್ಟುಬಿಡುತ್ತಾರೆ. ಖಯಾಲ್ ಕೇಳುವ ಕಿವಿಯಲ್ಲಿ ಕೋಕೋ ಕೇಳಿದರೆ ‘ಸ್ವರ ನಿಲ್ಲಲಿಲ್ಲ’ ಅನ್ನಿಸುತ್ತೆ. ನಿಲ್ಲಿಸುವ ಉದ್ದೇಶವೇ ಅಲ್ಲಿಲ್ಲ.

ಧಾರವಾಡ_ಕಿವಿ:
ಹೌದ್ರಿ, ಒಪ್ಪಿದೆ. ಆದ್ರ ಗಾಂಧಾರದ ವಿಷಯದಾಗ ನಮ್ಮ ಕಿವಿ ಕೆಲಸಕ್ಕ ಬರ್ತೈತಿ ನೋಡ್ರಿ. ಬ್ಲೂಸಿನ್ಯಾಗ ಹಾಡೋ ಗಾಂಧಾರ ಕೋಮಲನೂ ಅಲ್ಲ, ಶುದ್ಧನೂ ಅಲ್ಲ, ನಡುವ ಎಲ್ಲೋ ಐತಿ. ಸೆಂಟ್ (ಅರ್ಧ ಸ್ವರದ ನೂರನೇ ಒಂದು ಪಾಲು) ಲೆಕ್ಕದಾಗ ಕೋಮಲ 300, ಶುದ್ಧ 400 ಅಂದ್ರ, ಇದು 300ರಿಂದ ಮ್ಯಾಲೆ ಜಾರಿ 350ರ ಆಜುಬಾಜು ಓಡ್ಯಾಡ್ತೈತಿ. ಕೀಬೋರ್ಡ್ ಹಿಡಕೊಂಡು ಈ ಹಾಡು ಕಲಿಯೋ ಮಂದಿಗೆ ಇದು ಸಿಗೂದಿಲ್ಲ. ಅದಕ್ಕ ಪಿಯಾನೋ ನುಡಿಸೋರು ಕೋಮಲ ಗಾಂಧಾರ ಮುಟ್ಟಿ ತಟ್ನ ಶುದ್ಧಕ್ಕ ಜಾರ್ತಾರ, ಇಲ್ಲಾ ಎರಡೂ ಮನಿ ಕೂಡೇ ಒತ್ತತಾರ. ಈ ಆಲ್ಬಮ್ಮಿನ್ಯಾಗ ಪಿಯಾನೋ ಪೈನ್‌ಟಾಪ್ ಪರ್ಕಿನ್ಸ್ ಅವರದು. ದನಿ ಮತ್ತ ಪಿಯಾನೋ ಒಂದೇ ಗಾಂಧಾರಕ್ಕ ಬೇರೆಬೇರೆ ದಾರಿಲೆ ಹೋಗೂದನ್ನ ಬೇಕಂತ ಕೇಳ್ರಿ, ಭಾಳ ರುಚಿ ಐತಿ.

ರೀಡ್‌ವಾಲ:
ಹಾರ್ಮೋನಿಕಾದಲ್ಲೂ ಅದೇ ಸ್ವರಕ್ಕೇ ಒದ್ದಾಟ. ಈ ಆಲ್ಬಮ್ಮಿನಲ್ಲಿ ನುಡಿಸಿದವರು ಮರ್ವಿನ್ ಹೈಂಡ್ಸ್. ಜೊತೆಗೆ ನುಡಿಸಿ ಕಲಿಯೋರು ಹಾಡಿನ ಕೀಗೆ (ಶ್ರುತಿಗೆ) ಅದೇ ಕೀಯ ಹಾರ್ಮೋನಿಕಾ ತಗೊಂಡು ಬರ್ತಾರೆ, ಬ್ಲೂಸ್ ಅನ್ನಿಸೋದೇ ಇಲ್ಲ. ಬ್ಲೂಸಿಗೆ ಬೇಕಾದ್ದು ಕ್ರಾಸ್ ಹಾರ್ಪ್, ಅಂದರೆ ಹಾಡಿನ ಕೀಯಿಂದ ಮಧ್ಯಮದಲ್ಲಿರುವ ಹಾರ್ಮೋನಿಕಾ ತಗೋಬೇಕು. ಹಾಡು ‘ಇ’ ಆದರೆ ‘ಎ’ ಹಾರ್ಮೋನಿಕಾ, ‘ಎ’ ಆದರೆ ‘ಡಿ’, ‘ಜಿ’ ಆದರೆ ‘ಸಿ’. ಆಗ ಮುಖ್ಯ ಸ್ವರಗಳು ಉಸಿರು ಒಳಗೆಳೆಯುವ ಕಡೆ ಬೀಳುತ್ತವೆ, ಒಳಗೆಳೆಯುವಾಗಲೇ ಕೆಳಗಿನ ತೂತುಗಳ ಸ್ವರ ಬಗ್ಗೋದು. 3ನೇ ತೂತನ್ನು ಒಳಗೆಳೆದು ಕೂದಲೆಳೆಯಷ್ಟು ಬಗ್ಗಿಸಿದರೆ ಧಾರವಾಡದವರು ಹೇಳಿದ ಆ ನಡುವಿನ ಗಾಂಧಾರ. ಜಾಸ್ತಿ ಬಗ್ಗಿಸಿದರೆ ಕೋಮಲಕ್ಕೆ ಬಿದ್ದು ಹಾಡು ಅಳುಮೋರೆ ಆಗುತ್ತೆ.

ಬಾಸ್‌ಲೈನ್:
ದನಿ ಬಗ್ಗೆ ಎಲ್ಲ ಮಾತಾಡಿದಿರಿ, ಬ್ಯಾಂಡ್ ಬಿಟ್ಟುಬಿಟ್ಟಿರಿ. ಬಾಸ್ ಕಾರ್ನೀಲಿಯಸ್ ಬಾಯ್ಸನ್, ಡ್ರಮ್ಸ್ ವಿನ್ಸ್ ಚಾಪೆಲ್, ಸ್ಯಾಕ್ಸ್ ಆ್ಯಬ್ ಲಾಕ್, ಗಿಟಾರ್ ಇಬ್ಬರು: ಸ್ಯಾಮಿ ಲಾಹಾರ್ನ್ ಮತ್ತು ಜಾನಿ ಬಿ. ಮೂರ್. ಲಾಹಾರ್ನ್ ಹಲವು ವರ್ಷ ಮಡ್ಡಿ ವಾಟರ್ಸ್ ಬ್ಯಾಂಡಿನಲ್ಲಿದ್ದವರು, ಗಿಟಾರಿನ ಟ್ರೆಮೊಲೊ ಕಡ್ಡಿಯಿಂದ ಸ್ವರ ನಡುಗಿಸೋದು ಅವರ ಗುರುತು. ಇಬ್ಬರು ಗಿಟಾರಿಸ್ಟರು, ಪಿಯಾನೋ, ಸ್ಯಾಕ್ಸ್, ಹಾರ್ಮೋನಿಕಾ ಇಷ್ಟೆಲ್ಲ ಇದ್ದೂ ದನಿಯ ಜಾಗ ಖಾಲಿ ಇದೆ ನೋಡಿ. ಈ ಆಲ್ಬಂ ಬಗ್ಗೆ ನನಗೆ ಅತಿ ಹೆಚ್ಚು ಗೌರವ ಇರೋದು ಇದಕ್ಕೇ.

ಕಾಲೇಜ್ ಬ್ಯಾಂಡುಗಳು ಇದೇ ಹಾಡು ಎತ್ತಿಕೊಂಡಾಗ ಹದಗೆಡೋದು ಎರಡು ಕಡೆ. ಒಂದು, ಗಿಟಾರಿಸ್ಟ್ ಹಾಡಿನ ಸಾಲಿನ ಮೇಲೇ ಫಿಲ್ (ಖಾಲಿ ಜಾಗ ತುಂಬುವ ಪುಟ್ಟ ನುಡಿಸಾಣಿಕೆ) ನುಡಿಸ್ತಾನೆ. ನಿಯಮ ಸರಳ: ಹಾಡುವವರ ಬಾಯಿ ತೆರೆದಿದ್ದಾಗ ರಿದಮ್ ಮಾತ್ರ, ಮುಚ್ಚಿದ ಮೇಲೆ ಫಿಲ್. ಇಬ್ಬರು ಗಿಟಾರಿಸ್ಟರಿದ್ದರೆ ಒಬ್ಬರು ಕೆಳಗಿನ ದಪ್ಪ ತಂತಿಗಳಲ್ಲಿ ಶಫಲ್, ಇನ್ನೊಬ್ಬರು ಮೇಲಿನ ಮೂರು ತಂತಿಯಲ್ಲಿ ಸಣ್ಣ ಕಾರ್ಡ್. ಇಬ್ಬರೂ ಒಂದೇ ಜಾಗದಲ್ಲಿ ನುಡಿಸಿದರೆ ಕೆಸರು. ಎರಡು, ದನಿ ಹಿಂದಕ್ಕೆ ಜಗ್ಗಿತು ಅಂತ ಡ್ರಮ್ಮರ್ ಕೂಡ ಹಿಂದೆ ಸರೀತಾನೆ. ಆಗ ಹಾಡು ಪದ್ಯದಿಂದ ಪದ್ಯಕ್ಕೆ ನಿಧಾನ ಆಗ್ತಾ ಹೋಗುತ್ತೆ. ಡ್ರಮ್ಮರ್ ದನಿ ಕೇಳಿಕೊಂಡು ಕಾಲ ಇಡಬಾರದು, ಬಾಸ್ ಕೇಳಿಕೊಂಡು ಇಡಬೇಕು. ಸ್ಟಾಪ್‌ಟೈಮಿನಲ್ಲಿ ಇನ್ನೊಂದು ಎಚ್ಚರ: ರಿಫ್ ಮುಗಿದ ಕೂಡಲೇ ಅಂಗೈಯಿಂದ ತಂತಿ ಒತ್ತಿ ಸದ್ದು ಕತ್ತರಿಸಬೇಕು. ತಂತಿ ಗುಂಯ್ ಅಂತಾ ಉಳಿದರೆ ಆ ಮೌನವೇ ಸಿಗಲ್ಲ.

ಮಿಕ್ಸರ್‌ಮನೆ:
ಇಂಥ ದನಿಗೆ ಮೈಕ್ ಇಡುವ ವಿಷಯ. ಸಾಧಾರಣ ಡೈನಮಿಕ್ ಕಾರ್ಡಿಯಾಯ್ಡ್ (ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ) ಮೈಕ್ ಸಾಕು, ದುಬಾರಿ ಕಂಡೆನ್ಸರ್ ವೇದಿಕೆಗೆ ಬೇಡ. ಮಾತಿನಂಥ ಸಾಲಿಗೆ ತುಟಿಯಿಂದ ಎರಡು ಬೆರಳು ದೂರ, ಕೂಗುವ ಸಾಲಿಗೆ 15–20 ಸೆಂ.ಮೀ. ಹಿಂದಕ್ಕೆ. ಹತ್ತಿರ ಹಿಡಿದಷ್ಟೂ ತಳದ ಸದ್ದು ಉಬ್ಬುತ್ತೆ. ಮೊದಲೇ ತಗ್ಗಿನ ದನಿ ಇದ್ದರೆ ಮಾತು ಮಸುಕಾಗುತ್ತೆ. ಮೈಕಿನ ಜಾಲರಿಯನ್ನು ಅಂಗೈಲಿ ಮುಚ್ಚಿ ಹಿಡಿಯೋ ಚಾಳಿ ಬಿಡಿಸಿ. ಮೈಕ್ ಹಿಂದಿನ ಸದ್ದನ್ನೂ ಹೀರಿಕೊಂಡು ಮಾನಿಟರ್ (ಹಾಡುವವರ ಕಡೆ ತಿರುಗಿದ ಸ್ಪೀಕರ್) ಕಿರುಚೋಕೆ ಶುರು ಮಾಡುತ್ತೆ.

ಕಂಪ್ರೆಸರ್ (ಜೋರಾದ ಸದ್ದನ್ನು ತಾನಾಗಿ ಅದುಮುವ ಸಾಧನ) 3:1 ಆಸುಪಾಸು, ಅತಿ ಜೋರಾದ ಸಾಲಿನಲ್ಲೂ 4–6 ಡೆಸಿಬೆಲ್‌ಗಿಂತ ಹೆಚ್ಚು ಅದುಮಬೇಡಿ. ದನಿ ಹಾರಾಡ್ತಿದೆ ಅಂತ ಹೆದರಿ 12 ಡೆಸಿಬೆಲ್ ಅದುಮಿದರೆ ಮಾತಿಗೂ ಕೂಗಿಗೂ ಇರುವ ಅಂತರ ಹೋಗುತ್ತೆ, ಹಾಡಿನಲ್ಲಿ ಇದ್ದದ್ದೇ ಅದು. 300 ಹರ್ಟ್ಸ್ ಹತ್ತಿರ 2–3 ಡೆಸಿಬೆಲ್ ಇಳಿಸಿದರೆ ಕೆಸರು ಕಡಿಮೆಯಾಗುತ್ತೆ. ಮಾತು ಸ್ಪಷ್ಟ ಬರಲಿ ಅಂತ 3 ಕಿಲೋಹರ್ಟ್ಸ್ ಏರಿಸೋದು ಎಲ್ಲರ ಅಭ್ಯಾಸ; ಗ್ರೌಲ್ ದನಿಯಲ್ಲಿ ಆ ಜಾಗ ಮೊದಲೇ ತುಂಬಿರುತ್ತೆ, ಏರಿಸಿದರೆ ಕಿವಿಗೆ ಚುಚ್ಚುತ್ತೆ. ಅದರ ಬದಲು ಗಿಟಾರಿನಲ್ಲಿ ಅದೇ ಜಾಗ 2 ಡೆಸಿಬೆಲ್ ಇಳಿಸಿ, ದನಿ ತಾನಾಗಿ ಮುಂದೆ ಬರುತ್ತೆ.

ಬರೀ ಕೇಳುವವರಿಗೆ: ಫೋನ್ ಸ್ಪೀಕರಿನಲ್ಲಿ ಈ ಆಲ್ಬಂ ತೀರ್ಮಾನ ಮಾಡಬೇಡಿ. ಅದರಲ್ಲಿ ತಳದ ಸದ್ದು ಬರಲ್ಲ, ಬಾಸ್ ಮಾಯ. ಬಾಸ್ ಇಲ್ಲದಿದ್ದರೆ ದನಿ ಹಿಂದಕ್ಕೆ ಜಗ್ಗೋದು ಯಾವುದರ ಎದುರು ಅಂತ ತಿಳಿಯಲ್ಲ, ಬರೀ ಕೂಗು ಉಳಿಯುತ್ತೆ. ತೀರ ಸಾದಾ ವೈರ್ ಹೆಡ್‌ಫೋನ್ ಆದರೂ ಸಾಕು.

ಹಳೇ_ತಟ್ಟೆ:
ಭಿನ್ನಮತ ಇರಲಿ ಒಂದು. ‘ಅರ್ಥ್‌ಶೇಕರ್’ ಒಳ್ಳೆಯದೇ, ಆದರೆ ಶುರುವಿನ ‘ಲೆಟ್ ದ ಗುಡ್ ಟೈಮ್ಸ್ ರೋಲ್’ ಲೂಯಿ ಜೋರ್ಡನ್ ಕಾಲದಿಂದ ಎಲ್ಲರೂ ಹಾಡಿ ಸವೆಸಿದ ಹಾಡು. ‘ಹೇ ಬಾರ್‌ಟೆಂಡರ್’ ಕೂಡ 1955ರ ಫ್ಲಾಯ್ಡ್ ಡಿಕ್ಸನ್ ಹಾಡು, ಕ್ಲಬ್ಬಿನಲ್ಲಿ ಕುಣಿಯೋಕೆ ಚೆಂದ, ಮನೆಯಲ್ಲಿ ಕೂತು ಕೇಳೋಕೆ ತೆಳು. ಅಲಿಗೇಟರಿಗೆ ಅವರು ಮಾಡಿದ ಮೊದಲ ಆಲ್ಬಂ, 1975ರ ‘ಐ ಗಾಟ್ ವಾಟ್ ಇಟ್ ಟೇಕ್ಸ್’, ಇದಕ್ಕಿಂತ ಬಿಗಿಯಾಗಿದೆ.

ಮಂದ್ರ:
ಹಳೇ_ತಟ್ಟೆ ಸರ್, ಬಿಗಿ ಅನ್ನೋದು ಒಪ್ಪಿದೆ. ಆದರೆ 1975ರ ಆಲ್ಬಮ್ಮಿನಲ್ಲಿ ‘ಐ ಆ್ಯಮ್ ಅ ವುಮನ್’ ಇಲ್ಲ. ಮತ್ತೆ ಈ ಆಲ್ಬಮ್ಮಿನಲ್ಲಿ ಯಾರೂ ಹೆಚ್ಚು ಮಾತಾಡದ ಹಾಡು ಒಂದಿದೆ, ‘ವಾಕಿಂಗ್ ದ ಬ್ಯಾಕ್ ಸ್ಟ್ರೀಟ್ಸ್’. ಲಿಟಲ್ ಮಿಲ್ಟನ್ ಹಾಡಿದ್ದ ನಿಧಾನದ ಹಾಡು. ಬರೀ ಗಟ್ಟಿ ದನಿ ಇದ್ದವರು ನಿಧಾನ ಹಾಡಿನಲ್ಲಿ ಸಿಕ್ಕಿಬೀಳುತ್ತಾರೆ. ಇಲ್ಲಿ ಕೋಕೋ ಸಾಲಿನ ಕೊನೆಯನ್ನು ಇಳಿಸಿ ಬಿಡೋದು ಕೇಳಿ. ಅದೇ ಕೊನೆಯನ್ನು ಕುಣಿತದ ಹಾಡುಗಳಲ್ಲಿ ಕತ್ತರಿಸಿ ಎಸೆಯುತ್ತಾರೆ. ಇದೇ ಆಲ್ಬಮ್ಮಿನ ‘ಯು ಕ್ಯಾನ್ ಹ್ಯಾವ್ ಮೈ ಹಸ್ಬೆಂಡ್’ ನ್ಯೂ ಆರ್ಲಿಯನ್ಸಿನ ಇರ್ಮಾ ಥಾಮಸ್ ಅವರ ಮೊದಲ ರೆಕಾರ್ಡ್. ಅವರ ದನಿಯಲ್ಲಿ ತುಂಟತನ, ಕೋಕೋ ದನಿಯಲ್ಲಿ ಅದೇ ಮಾತು ಎಚ್ಚರಿಕೆ. ಎರಡನ್ನೂ ಒಂದರ ಹಿಂದೆ ಒಂದು ಕೇಳಿದರೆ ಗೊತ್ತಾಗುತ್ತೆ.

ಹಳೇ_ತಟ್ಟೆ:
‘ಬ್ಯಾಕ್ ಸ್ಟ್ರೀಟ್ಸ್’ ವಿಷಯದಲ್ಲಿ ನನ್ನದೇನೂ ತಕರಾರಿಲ್ಲ, ಆಲ್ಬಮ್ಮಿನ ಅತ್ಯುತ್ತಮ ಹಾಡು ಅದೇ. ಎಲ್‌ಪಿ ಕೊಳ್ಳುವವರಿಗೆ ಒಂದು ಮಾತು: ‘ವ್ಯಾಂಗ್ ಡ್ಯಾಂಗ್ ಡೂಡಲ್’ ತಟ್ಟೆಯ ಕೊನೆಯ ಹಾಡು, ಅಂದರೆ ಲೇಬಲ್ಲಿಗೆ ತೀರ ಹತ್ತಿರದ ಗೀರು. ಅಲ್ಲಿ ಒಂದು ಸುತ್ತಿಗೆ ಸಿಗುವ ಗೀರಿನ ಉದ್ದ ಕಡಿಮೆ, ಆದ್ದರಿಂದ ಸವೆದ ಮುಳ್ಳು ಮೊದಲು ಒದರೋದು ಅಲ್ಲೇ. ಹಳೆ ಪ್ರತಿ ಕೊಳ್ಳುವಾಗ ಮೊದಲ ಹಾಡು ಹಾಕಿ ನೋಡಿ ದುಡ್ಡು ಕೊಡಬೇಡಿ, ಕೊನೇ ಹಾಡು ಹಾಕಿಸಿ. ಒರಟು ಬರೀ ದನಿಯಲ್ಲಿದ್ದರೆ ಅದು ಕೋಕೋ. ಸ್ಯಾಕ್ಸ್, ಸಿಂಬಲ್ ಎಲ್ಲದರಲ್ಲೂ ಇದ್ದರೆ ತಟ್ಟೆ ಸವೆದಿದೆ. ಮುಳ್ಳಿನ ಭಾರ ಕಾರ್ಟ್ರಿಡ್ಜ್ ಪೆಟ್ಟಿಗೆಯಲ್ಲಿ ಬರೆದಷ್ಟೇ ಇಡಿ. ತಟ್ಟೆಗೆ ಒಳ್ಳೇದು ಅಂತ ಕಡಿಮೆ ಇಟ್ಟರೆ ಮುಳ್ಳು ಗೀರಿನಲ್ಲಿ ಕುಣಿದು ಇನ್ನೂ ಹೆಚ್ಚು ಕೆಡಿಸುತ್ತೆ.

ಶಿಕಾಗೋ_ಕನ್ನಡತಿ:
ಇಲ್ಲಿಗೆ ಬರುವವರಿಗೆ ಉಪಯೋಗ ಆಗಬಹುದು: ಶಿಕಾಗೋ ಬ್ಲೂಸ್ ಫೆಸ್ಟಿವಲ್ ಜೂನ್‌ನಲ್ಲಿ ಮಿಲೇನಿಯಂ ಪಾರ್ಕಿನಲ್ಲಿ ನಡೆಯುತ್ತೆ, ಪ್ರವೇಶ ಉಚಿತ. ಕ್ಲಬ್ ಬೇಕು ಅನ್ನುವವರಿಗೆ ಬಡ್ಡಿ ಗೈ ಅವರದ್ದೇ ‘ಲೆಜೆಂಡ್ಸ್’ ಡೌನ್‌ಟೌನಿನಲ್ಲಿದೆ. ಕ್ಲಬ್ಬಿನಲ್ಲಿ ಸ್ಪೀಕರ್ ಎದುರಿಗೇ ಕೂರಬೇಡಿ, ಸೌಂಡ್ ಇಂಜಿನಿಯರ್ ಕೂತ ಕಡೆ ಹತ್ತಿರ ಕೂತರೆ ದನಿ ಮತ್ತು ಬ್ಯಾಂಡ್ ಸಮತೂಕದಲ್ಲಿ ಸಿಗುತ್ತೆ.

ಹೊಸ_ಹಾಡುಗಾರ್ತಿ:
ಎಲ್ಲರಿಗೂ ಧನ್ಯವಾದ. ‘ಐ ಆ್ಯಮ್ ಅ ವುಮನ್’ ಬ್ಯಾಂಡ್ ಜೊತೆ ಹಾಡಬೇಕಿದೆ. ಗಿಟಾರಿಸ್ಟ್ ‘ಇ’ಯಲ್ಲೇ ಮಾಡೋಣ ಅಂತಿದ್ದಾರೆ. ಯಾವ ಶ್ರುತಿ ಇಟ್ಟುಕೊಳ್ಳಲಿ?

ಕಂಠಶಾಲೆ:
ಗಿಟಾರಿಸ್ಟರಿಗೆ ‘ಇ’ ಸಲೀಸು, ತೆರೆದ ತಂತಿ ಸಿಗುತ್ತೆ ಅಂತ. ಅವರ ಬೆರಳಿಗಾಗಿ ನಿಮ್ಮ ಗಂಟಲು ತೆರಬೇಕಾಗಿಲ್ಲಮ್ಮ. ‘ಇ’ಯಲ್ಲಿ ಕೆಳಗಿನ ಸ್ಥಾಯಿ ಹಿಡಿದರೆ ಹೆಚ್ಚಿನ ಹೆಣ್ಣುದನಿಗೆ ಷಡ್ಜದಲ್ಲಿ ಬಲವೇ ಇರಲ್ಲ, ಮೇಲಿನ ಸ್ಥಾಯಿಗೆ ಹೋದರೆ ಪಂಚಮ ದಾಟಿದ ಮೇಲೆ ಕಿರುಚಾಟ. ನಮ್ಮ ಶ್ರುತಿಪೆಟ್ಟಿಗೆ ಲೆಕ್ಕದಲ್ಲಿ ‘ಇ’ ಅಂದರೆ 3 ಮನೆ; ಅಲ್ಲಿಂದ 6 ಮನೆಗೆ, ಅಂದರೆ ‘ಎ’ಗೆ ಏರಿಸಿ ನೋಡಿ, ಷಡ್ಜ ಎದೆಯಲ್ಲಿ ಕೂತು ಮೇಲಿನ ಪಂಚಮಕ್ಕೂ ಜಾಗ ಇರುತ್ತೆ. ಅದೂ ಭಾರ ಅನ್ನಿಸಿದರೆ ಅರ್ಧರ್ಧ ಮನೆ ಇಳಿಸುತ್ತಾ 5ರ ತನಕ ಬನ್ನಿ. ಪರೀಕ್ಷೆ ಇಷ್ಟೇ: ಅತಿ ಮೇಲಿನ ಸಾಲನ್ನು ಗ್ರೌಲ್ ಇಲ್ಲದೆ ಐದು ಸಲ ಬೆನ್ನಿಂದ ಬೆನ್ನಿಗೆ ಹಾಡಿ, ಐದನೆಯದು ಮೊದಲನೆಯದರಷ್ಟೇ ಸಲೀಸಾಗಿದ್ದರೆ ಅದೇ ನಿಮ್ಮ ಶ್ರುತಿ.

ಬಾಸ್‌ಲೈನ್:
‘ಎ’ ಆದರೂ ಗಿಟಾರಿಗೆ ತೆರೆದ ತಂತಿ ಸಿಗುತ್ತೆ, ಐದನೆಯದು. ಅವರಿಗೂ ಹೇಳಿ. ‘ಜಿ’ಗೆ ಇಳಿದರೆ ಗಿಟಾರಿನ ದಪ್ಪ ತಂತಿಯನ್ನು ಮೂರನೇ ಫ್ರೆಟ್ಟಿನಲ್ಲಿ ಹಿಡಿಯಬೇಕು, ಅದರಲ್ಲೊಂದು ಲಾಭ: ಬೆರಳು ಸಡಿಲ ಮಾಡಿದರೆ ಸಾಕು, ಸದ್ದು ತಕ್ಷಣ ಸಾಯುತ್ತೆ, ಸ್ಟಾಪ್‌ಟೈಮ್ ಶುಚಿಯಾಗಿ ಬರುತ್ತೆ. ಮೊದಲ ಅಭ್ಯಾಸದಲ್ಲಿ ಗಿಟಾರು, ಹಾರ್ಮೋನಿಕಾ ಏನೂ ಬೇಡ, ಬಾಸ್ ಮತ್ತು ಡ್ರಮ್ಸ್ ಜೊತೆ ಮಾತ್ರ ಹಾಡಿ.